ಆಪ್‌ನಲ್ಲಿ 20ಕ್ಕೆ 19, ಹಾಳೆಯಲ್ಲಿ ಎರಡೇ ಸಾಲು: ಧರ್ಮಶಿಕ್ಷಣದ ಕ್ಲಾಸಿಗೆ ಮೊಬೈಲ್ ಎಷ್ಟು ಬೇಕು?

ಸೀಮೆಸುಣ್ಣ
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕ್ರೈಸ್ತ ಧರ್ಮಶಿಕ್ಷಣ ಪಾಠ ಮಾಡುತ್ತೇನೆ. ಒಂಬತ್ತನೇ ಕ್ಲಾಸು, ವಾರಕ್ಕೆ ಎರಡು ಪೀರಿಯಡ್. ಹೋದ ವರ್ಷದ ತನಕ ಬೈಬಲ್, ನೋಟ್‌ಬುಕ್ಕು, ಬೋರ್ಡು, ಅಷ್ಟೇ. ಈ ವರ್ಷ ಮೊಬೈಲ್ ಕ್ವಿಜ್ ಶುರು ಮಾಡಿದೆ. ಮಕ್ಕಳಿಗೆ ಖುಷಿಯೋ ಖುಷಿ. ಮೊದಲು ಈ ಪೀರಿಯಡ್ ಬಂತೆಂದರೆ ಗಣಿತದ ಹೋಂವರ್ಕ್ ತೆಗೆಯುತ್ತಿದ್ದವರು ಈಗ ಬೆಲ್ಲಿಗೆ ಮುಂಚೆಯೇ ಕೂತಿರುತ್ತಾರೆ.

ಸಮಸ್ಯೆ ಏನಪ್ಪಾ ಅಂದರೆ, ಬೈಬಲಿನ ಲೂಕ 10ನೇ ಅಧ್ಯಾಯದ ಒಳ್ಳೆಯ ಸಮಾರ್ಯದವನ ಕಥೆ ಮಾಡಿದೆ. "ನನ್ನ ನೆರೆಯವನು ಯಾರು?" ಅಂತ ಕೇಳಿದ ಧರ್ಮಶಾಸ್ತ್ರಿಗೆ ಯೇಸು ಹೇಳಿದ್ದು: ಕಳ್ಳರು ಹೊಡೆದು ಬಿಸಾಕಿದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿ ಹೋಗುತ್ತಾರೆ, ಸಮಾರ್ಯದವನೊಬ್ಬ ನಿಂತು ಕಾಪಾಡಿ ಛತ್ರಕ್ಕೆ ಸೇರಿಸುತ್ತಾನೆ. ಆಪ್‌ನಲ್ಲಿ 20 ಪ್ರಶ್ನೆ. ಸಮಾರ್ಯದವನು ಛತ್ರದವನಿಗೆ ಎಷ್ಟು ದಿನಾರಿ (ಆಗಿನ ನಾಣ್ಯ) ಕೊಟ್ಟ? ಎರಡು. ಗಾಯಕ್ಕೆ ಏನು ಹಾಕಿದ? ಎಣ್ಣೆ, ದ್ರಾಕ್ಷಾರಸ. ಮೊದಲು ಬಂದು ನೋಡಿ ಹೋದವನು ಯಾರು? ಯಾಜಕ. ಮುಕ್ಕಾಲು ಕ್ಲಾಸು 18, 19 ತೆಗೆಯಿತು. ಮುಂದಿನ ವಾರ ಹಾಳೆ ಕೊಟ್ಟು ಒಂದೇ ಪ್ರಶ್ನೆ ಕೇಳಿದೆ: "ಯೇಸು ಈ ಕಥೆಗೆ ಸಮಾರ್ಯದವನನ್ನೇ ಯಾಕೆ ಆರಿಸಿಕೊಂಡರು?" 19 ತೆಗೆದ ಹುಡುಗಿ ಬರೆದದ್ದು ಇಷ್ಟು: "ಯಾಕೆಂದರೆ ಅವನು ಒಳ್ಳೆಯವನು. ಅವನು ಎರಡು ದಿನಾರಿ ಕೊಟ್ಟನು." ಯೆಹೂದ್ಯರಿಗೂ ಸಮಾರ್ಯದವರಿಗೂ ಆಗುತ್ತಿರಲಿಲ್ಲ ಅನ್ನುವ ಮುಖ್ಯ ಮಾತೇ ಇಲ್ಲ.

ಹೆಡ್‌ಮಾಸ್ಟರು ಕ್ವಿಜ್ ಅಂಕ ನೋಡಿ "ಬಹಳ ಚೆನ್ನಾಗಿದೆ, ಇನ್ನೂ ಜಾಸ್ತಿ ಮಾಡಿ" ಅನ್ನುತ್ತಾರೆ. ನನಗೆ ಆ ಎರಡು ಸಾಲು ನಿದ್ದೆ ಕೆಡಿಸಿದೆ. ಆಪ್ ಬಿಡಬೇಕಾ, ಅಥವಾ ನಾನು ಬಳಸುವ ರೀತಿ ತಪ್ಪಾ?

ಕೊನೇಬೆಂಚು
ಎರಡು ದಿನಾರಿ ನೆನಪಿರುವುದೇ ದೊಡ್ಡದು ಮೇಡಂ. ನಮಗೆ ಕತ್ತೆ ಮಾತ್ರ ನೆನಪಿರುತ್ತಿತ್ತು.

ಪೇತ್ರನ_ಬಲೆ
@ಕೊನೇಬೆಂಚು ಕತ್ತೆ ಅಂತ ಆ ಕಥೆಯ ಗ್ರೀಕ್ ಮೂಲದಲ್ಲಿ ಇಲ್ಲ. ಅಲ್ಲಿರುವ ಪದಕ್ಕೆ ಸವಾರಿಯ ಪ್ರಾಣಿ ಅಂತಷ್ಟೇ ಅರ್ಥ. ಕತ್ತೆಯನ್ನು ತಂದವರು ಚಿತ್ರ ಬರೆದವರು, ಕೆಲವು ಅನುವಾದಕರು.

ಕೊನೇಬೆಂಚು
ಹಾಗಾದರೆ ನನಗೆ ಅದೂ ನೆನಪಿಲ್ಲ ಅಂತಾಯಿತು.

ಹಳೇಮೇಷ್ಟ್ರು
ಸೀಮೆಸುಣ್ಣ ಮೇಡಂ, ಆಪ್ ಮೇಲೆ ಸಿಟ್ಟಾಗಬೇಡಿ. ನಾನು ಮೂವತ್ತು ವರ್ಷ ಇದೇ ಪಾಠ ಮಾಡಿದವನು. ಮೊಬೈಲ್ ಇಲ್ಲದ ಕಾಲದಲ್ಲೂ ನಾವು "ಬಿಟ್ಟ ಸ್ಥಳ ತುಂಬಿರಿ" ಕೊಡುತ್ತಿದ್ದೆವು. "ಸಮಾರ್ಯದವನು ____ ದಿನಾರಿ ಕೊಟ್ಟನು." ಮಕ್ಕಳು ತುಂಬುತ್ತಿದ್ದರು. ನಾವು ಸರಿ ಗುರುತು ಹಾಕಿ ಪಾಠ ಮುಗಿಯಿತು ಅಂದುಕೊಳ್ಳುತ್ತಿದ್ದೆವು. ನಿಮ್ಮ ಆಪ್ ಅದೇ ಕೆಲಸವನ್ನು ಬಣ್ಣ, ಮ್ಯೂಸಿಕ್ ಹಾಕಿ ಮಾಡುತ್ತಿದೆ. ನಿಮಗಾದರೂ ಎರಡೇ ವಾರದಲ್ಲಿ ಗೊತ್ತಾಯಿತು. ನನಗೆ ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು.

ನೆನಪಿನ_ಪುಟ
ಸ್ವಲ್ಪ ಆಪ್ ಪರ ಮಾತಾಡುತ್ತೇನೆ. ಕ್ವಿಜ್ ಅಂದರೆ ಬರೀ ಅಂಕ ಕೊಡುವ ಯಂತ್ರ ಅಲ್ಲ, ಅದೇ ಒಂದು ಕಲಿಕೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ.

ಅಂದರೆ ಪಾಠ ಮುಗಿದ ಕೂಡಲೇ ಕ್ವಿಜ್ ಮಾಡಿ ಬರುವ 19ಕ್ಕೆ ಜಾಸ್ತಿ ಬೆಲೆ ಇಲ್ಲ. ಅದೇ ಕ್ವಿಜ್ಜನ್ನು ಒಂದು ವಾರ ಬಿಟ್ಟು, ಮೂರು ವಾರ ಬಿಟ್ಟು ಮಾಡಿ. ಆಂಕಿ ತರಹದ ಕಾರ್ಡ್ ಆಪ್‌ಗಳು ನಡೆಯುವುದೇ ಹೀಗೆ. ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡು ಎದುರಿಗೆ ಬರುತ್ತದೆ. ಹನ್ನೆರಡು ಶಿಷ್ಯರ ಹೆಸರು, ಪ್ರವಾದಿಗಳ ಕ್ರಮ, ಪೌಲನ ಪ್ರಯಾಣದ ಊರುಗಳು, ಇಂಥದ್ದಕ್ಕೆ ಇದಕ್ಕಿಂತ ಒಳ್ಳೆ ಸಾಧನ ನನಗೆ ಕಂಡಿಲ್ಲ.

ಸೀಮೆಸುಣ್ಣ
@ನೆನಪಿನ_ಪುಟ ಇದು ಉಪಯೋಗದ ಮಾತು, ಥ್ಯಾಂಕ್ಸ್. ನಾನು ಪಾಠ ಮುಗಿದ ತಕ್ಷಣವೇ ಮಾಡುತ್ತಿದ್ದೆ. ಆದರೆ ಹುಡುಗಿ ಮರೆತಿರಲಿಲ್ಲ ನೋಡಿ. ದಿನಾರಿ ವಾರದ ನಂತರವೂ ನೆನಪಿತ್ತು. ನೆನಪಿದ್ದದ್ದು ದಿನಾರಿ ಮಾತ್ರ.

ಅಮ್ಮನ_ಫೋನು
ತಾಯಿಯಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಗ ಬೈಬಲ್ ಆಪ್ ತೆರೆಯುತ್ತಾನೆ. ಎರಡು ವಚನ ಓದುತ್ತಾನೆ. ಮೇಲಿಂದ ಒಂದು ನೋಟಿಫಿಕೇಷನ್ ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಕ್ರಿಕೆಟ್ ರೀಲ್ಸ್. "ಏನೋ ಇದು?" ಅಂದರೆ "ಮಿಸ್ ಹೇಳಿದ್ದಾರೆ ಅಮ್ಮ, ಧರ್ಮಶಿಕ್ಷಣದ ಹೋಂವರ್ಕು." ಈ ನೆಪಕ್ಕೆ ಎದುರು ಮಾತಾಡುವುದು ಹೇಗೆ?

ಕೊನೇಬೆಂಚು
ಶೋಧನೆಗೆ ಒಳಪಡಿಸದಿರು ಅಂತ ಪ್ರಾರ್ಥನೆ ಮಾಡಿ, ಆಮೇಲೆ ವೈಫೈ ಆಫ್ ಮಾಡಿ ಅಕ್ಕ.

ನೆನಪಿನ_ಪುಟ
ಇದು ತಮಾಷೆಯಲ್ಲ. ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿ ಪೂರ್ತಿ ತಂತ್ರಜ್ಞಾನದ ಬಗ್ಗೆಯೇ ಇತ್ತು. ಕಲಿಕೆಗೆ ಲಾಭ ಇರುವ ಕಡೆ ಮಾತ್ರ ಬಳಸಿ, ಮೇಷ್ಟರ ಜಾಗಕ್ಕೆ ಅದನ್ನು ಕೂರಿಸಬೇಡಿ ಅನ್ನುವುದು ಅದರ ಧಾಟಿ. ಅಕ್ಕ, ಬೈಬಲ್ ಆಪ್‌ಗಳಲ್ಲಿ ಪಠ್ಯ ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ಇಳಿಸಿಟ್ಟು, ಏರೋಪ್ಲೇನ್ ಮೋಡ್ ಹಾಕಿ ಕೊಡಿ.

ಬಗ್_ಹುಡುಕುವವ
ನಾನು ಸಾಫ್ಟ್‌ವೇರ್ ಕೆಲಸದವನು. ಚರ್ಚಿನ ಭಾನುವಾರದ ಕ್ಲಾಸಿನ ಮಕ್ಕಳಿಗೆ ಒಂದು ಸಣ್ಣ ಕ್ವಿಜ್ ಆಪ್ ಬರೆದುಕೊಟ್ಟಿದ್ದೆ. ಆಮೇಲೆ ಅದನ್ನು ಒಂದು ಹೈಸ್ಕೂಲಿನವರೂ ಬಳಸಿದರು. ಒಂದು ಪ್ರಶ್ನೆ: "ದೇವರು ಕೊಟ್ಟ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು ಯಾವುದು?" ನಾನು ಹಾಕಿದ ಸರಿ ಉತ್ತರ "ಸಬ್ಬತ್ ದಿನವನ್ನು ಪವಿತ್ರವಾಗಿ ಆಚರಿಸು" (ಸಬ್ಬತ್ ಅಂದರೆ ವಾರದ ವಿಶ್ರಾಂತಿ ದಿನ). ಅರ್ಧ ಕ್ಲಾಸು "ತಂದೆತಾಯಿಗಳನ್ನು ಗೌರವಿಸು" ಒತ್ತಿತ್ತು. ಎಲ್ಲರಿಗೂ ಕೆಂಪು ಕ್ರಾಸು. ಮಾರನೇ ದಿನ ನನಗೆ ಫೋನು. "ನಮ್ಮ ಮಕ್ಕಳು ಸರಿಯಾಗಿಯೇ ಬರೆದಿದ್ದಾರೆ, ನಿಮ್ಮ ಆಪ್ ತಪ್ಪು."

ಮೂರು ಗಂಟೆ ಕೋಡ್ ನೋಡಿದೆ. ಬಗ್ ಕೋಡಿನಲ್ಲಿ ಇರಲಿಲ್ಲ ಮಾರಾಯ್ರೇ. ಕಥೋಲಿಕರೂ ಲೂಥರನ್ನರೂ ಆಜ್ಞೆಗಳನ್ನು ಎಣಿಸುವ ಲೆಕ್ಕ ಒಂದು, ರಿಫಾರ್ಮ್ಡ್ ಸಭೆಗಳದ್ದೂ ಆರ್ಥೊಡಾಕ್ಸರದ್ದೂ ಇನ್ನೊಂದು. ವಿಗ್ರಹ ಮಾಡಬಾರದು ಅನ್ನುವ ಮಾತನ್ನು ಮೊದಲ ಆಜ್ಞೆಯೊಳಗೆ ಸೇರಿಸಿದರೆ ಮುಂದಿನದ್ದೆಲ್ಲ ಒಂದೊಂದು ಮೆಟ್ಟಿಲು ಹಿಂದೆ ಬರುತ್ತದೆ. ಕೊನೆಯಲ್ಲಿ ಆಸೆಪಡಬಾರದು ಅನ್ನುವುದನ್ನು ಎರಡು ಮಾಡಿ ಹತ್ತು ತುಂಬಿಸುತ್ತಾರೆ.

ಹಳೇಮೇಷ್ಟ್ರು
ಸರಿಯಾಗಿ ಹೇಳಿದಿರಿ. ಆಜ್ಞೆಗಳು ಬರುವ ವಿಮೋಚನಕಾಂಡ 20ರಲ್ಲಿ ನಂಬರೇ ಇಲ್ಲ. ಹತ್ತು ಅನ್ನುವ ಲೆಕ್ಕ ಬರುವುದು ಬೇರೆ ಕಡೆ, ವಿಮೋಚನಕಾಂಡ 34ರಲ್ಲಿ, ಧರ್ಮೋಪದೇಶಕಾಂಡ 4ರಲ್ಲಿ. ಎಲ್ಲಿ ಕತ್ತರಿಸಬೇಕು ಅಂತ ಅಲ್ಲೂ ಬರೆದಿಲ್ಲ.

ಮೂರನೇ_ಗಂಟೆ
ಕ್ಷಮಿಸಿ, ಆದರೆ ಸಬ್ಬತ್ತೇ ನಾಲ್ಕನೆಯದು. ವಿಗ್ರಹದ ಆಜ್ಞೆ ಬೇರೆಯೇ ಆಜ್ಞೆ. ಅದನ್ನು ಒಂದರೊಳಗೆ ಸೇರಿಸುವುದು ಅನುಕೂಲಕ್ಕೆ ಮಾಡಿಕೊಂಡದ್ದು.

ಪೇತ್ರನ_ಬಲೆ
@ಮೂರನೇ_ಗಂಟೆ ಅನುಕೂಲ ಅಲ್ಲ. ಆ ಎಣಿಕೆ ಸಂತ ಅಗಸ್ಟೀನರ ಕಾಲದಿಂದ ಇದೆ. ಅಂದರೆ ನಾಲ್ಕು, ಐದನೇ ಶತಮಾನ. ನಿಮ್ಮ ಎಣಿಕೆಯೂ ಹಳೆಯದೇ, ಮೊದಲನೇ ಶತಮಾನದ ಲೇಖಕರಾದ ಫಿಲೋ, ಜೋಸೆಫಸ್ ಹೀಗೇ ಎಣಿಸುತ್ತಿದ್ದರು. ಯೆಹೂದ್ಯರನ್ನು ಕೇಳಿದರೆ ಮೂರನೇ ಲೆಕ್ಕ ಹೇಳುತ್ತಾರೆ. "ನಾನೇ ನಿನ್ನ ದೇವರು" ಅನ್ನುವ ಸಾಲೇ ಅವರಿಗೆ ಮೊದಲನೆಯದು.

ಮೂರನೇ_ಗಂಟೆ
ಸರಿ, ಅನುಕೂಲ ಅನ್ನುವ ಮಾತು ವಾಪಸ್. ನಾಲ್ಕನೆಯದು ಸಬ್ಬತ್ತೇ ಅನ್ನುವುದು ವಾಪಸ್ ಇಲ್ಲ.

ಸೀಮೆಸುಣ್ಣ
ಮಧ್ಯೆ ಬಾಯಿ ಹಾಕುತ್ತೇನೆ. ನನ್ನ ಕ್ಲಾಸಿನಲ್ಲಿ ಈಗ ನೀವು ಮಾಡಿದಂಥ ಜಗಳ ಒಂದು ನಡೆದರೆ ಸಾಕು, ನಾನು ಆ ವಾರ ಸಂಬಳ ವಾಪಸ್ ಕೊಡುತ್ತೇನೆ.

ಪೇತ್ರನ_ಬಲೆ
ನಡೆಯುತ್ತದೆ ಮೇಡಂ, ಪ್ರಶ್ನೆಯಲ್ಲೇ ಬಲೆ ಬೀಸಬೇಕು. ನಾನು ಬೇಕೆಂದೇ ಇಂಥ ಪ್ರಶ್ನೆ ಹಾಕುತ್ತೇನೆ. ಮಗು ಯೇಸುವನ್ನು ನೋಡಲು ಪೂರ್ವದಿಂದ ಬಂದ ಜೋಯಿಸರು ಎಷ್ಟು ಮಂದಿ? ಎಲ್ಲರೂ ಮೂರು ಒತ್ತುತ್ತಾರೆ. ಮತ್ತಾಯನು ಸಂಖ್ಯೆಯನ್ನೇ ಹೇಳಿಲ್ಲ, ಕಾಣಿಕೆ ಮೂರು ಅಂತ ಜನವೂ ಮೂರಾದರು. ಯೋನನನ್ನು ನುಂಗಿದ್ದು? ತಿಮಿಂಗಿಲ ಅನ್ನುತ್ತಾರೆ, ಪುಸ್ತಕದಲ್ಲಿರುವುದು ದೊಡ್ಡ ಮೀನು. ಹವ್ವಳು ತಿಂದ ಹಣ್ಣು? ಸೇಬು ಅಂತ ನೂರಕ್ಕೆ ನೂರು. ಆದಿಕಾಂಡದಲ್ಲಿ ಬರೀ ಹಣ್ಣು. ನೋಹನ ನಾವೆಗೆ ಪ್ರತಿ ಜಾತಿಯಲ್ಲಿ ಎಷ್ಟು? ಎರಡು ಅನ್ನುತ್ತಾರೆ. 6ನೇ ಅಧ್ಯಾಯ ಓದಿದರೆ ಸರಿ. 7ನೇ ಅಧ್ಯಾಯದಲ್ಲಿ ಶುದ್ಧ ಪ್ರಾಣಿಗಳು ಏಳೇಳು.

ಎಲ್ಲರ ಫೋನಿನಲ್ಲೂ ಕೆಂಪು ಬಂದಾಗ ಕ್ಲಾಸು ಕೂಗಾಡುತ್ತದೆ. "ಸರ್, ಆಪ್ ತಪ್ಪು!" ಆಗ ನಾನು ಹೇಳುವುದು ಒಂದೇ: "ತೆಗೆಯಿರಿ, ತೋರಿಸಿ." ಅವರಾಗಿಯೇ ಪುಸ್ತಕ ಬಿಚ್ಚುವುದು ವರ್ಷದಲ್ಲಿ ಅದೊಂದೇ ದಿನ.

ಕೊನೇಬೆಂಚು
ಸೇಬು ಅಲ್ಲವಾ?! ಮತ್ತೆ ನನ್ನ ಫೋನಿನ ಹಿಂದೆ ಕಚ್ಚಿದ ಗುರುತು ಯಾರದ್ದು?

ಪೇತ್ರನ_ಬಲೆ
ಲ್ಯಾಟಿನ್‌ನಲ್ಲಿ ಮಾಲುಮ್ ಅಂದರೆ ಸೇಬು, ಮಾಲುಮ್ ಅಂದರೆ ಕೆಟ್ಟದ್ದು ಕೂಡ. ಆ ಶ್ಲೇಷೆಯೂ ಸೇಬಿಗೆ ದಾರಿ ಮಾಡಿತು ಅನ್ನುತ್ತಾರೆ. ನಿಮ್ಮ ಫೋನಿನ ವಿಷಯ ಗೊತ್ತಿಲ್ಲ.

ಹತ್ತನೇ_ಸಿ
ನಾನು ಸ್ಟೂಡೆಂಟ್. ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ಒಂದು ಗುಟ್ಟು ಹೇಳುತ್ತೇನೆ. ಪಾಠ ಓದದೆಯೂ ಕ್ವಿಜ್ ಗೆಲ್ಲಬಹುದು. ನಾಲ್ಕು ಆಯ್ಕೆಯಲ್ಲಿ ಉದ್ದವಾಗಿರುವುದೇ ಸರಿ ಉತ್ತರ. ಟೀಚರ್ಸ್ ಸರಿ ಉತ್ತರವನ್ನು ನೀಟಾಗಿ ಪೂರ್ತಿ ಬರೆಯುತ್ತಾರೆ, ಮಿಕ್ಕ ಮೂರನ್ನು ಸುಮ್ನೆ ತುಂಬಿಸುತ್ತಾರೆ. ಆಮೇಲೆ ಬೇಗ ಒತ್ತಿದವರಿಗೆ ಪಾಯಿಂಟ್ ಜಾಸ್ತಿ. ಪ್ರಶ್ನೆ ಪೂರ್ತಿ ಓದುವವನು ಸೋಲುತ್ತಾನೆ. ನನ್ನ ಫ್ರೆಂಡ್ ಒಬ್ಬ ನಿಜವಾಗಿ ಬೈಬಲ್ ಓದುತ್ತಾನೆ, ಯಾವಾಗಲೂ ಹನ್ನೆರಡನೇ ಸ್ಥಾನ.

ಇನ್ನೊಂದು. ಬೈಬಲ್ ಆಪ್‌ನಲ್ಲಿ ನನಗೆ 140 ದಿನದ ಸ್ಟ್ರೀಕ್ ಇದೆ, ಅಂದರೆ ಒಂದು ದಿನವೂ ತಪ್ಪದೆ ತೆರೆದ ಲೆಕ್ಕ. ಅದರಲ್ಲಿ ಓದಿದ್ದು ಎಷ್ಟು ದಿನ ಅಂತ ಕೇಳಬೇಡಿ. ರಾತ್ರಿ 11:58ಕ್ಕೆ ತೆರೆದು ಮುಚ್ಚಿದ್ದೇ ಜಾಸ್ತಿ.

ಅಮ್ಮನ_ಫೋನು
ಅಯ್ಯೋ, ನಮ್ಮ ಮನೆಯವನೇ ಬರೆದ ಹಾಗಿದೆ. ನೀನೇನಾ?

ಹತ್ತನೇ_ಸಿ
ಅಲ್ಲ ಆಂಟಿ. ನಮ್ಮಮ್ಮ ಇಲ್ಲಿಗೆ ಬರುವುದಿಲ್ಲ.

ಸೀಮೆಸುಣ್ಣ
ಹತ್ತನೇ ಸಿ, ಮರಿ, ನಿನ್ನ ಮಾತು ಓದಿ ನನ್ನ ಸಮಾರ್ಯದವನ ಕ್ವಿಜ್ ತೆಗೆದು ಎಣಿಸಿದೆ. 20ರಲ್ಲಿ 13 ಪ್ರಶ್ನೆಗೆ ಉದ್ದದ ಆಯ್ಕೆಯೇ ಸರಿ ಉತ್ತರ! ತಲೆ ತಗ್ಗಿಸಿದ್ದೇನೆ. ಉಳಿದ ಏಳರಲ್ಲಿ ನಾಲ್ಕು ಒಂದೊಂದೇ ಪದದ ಉತ್ತರ. ಅಂದರೆ ನನ್ನ ಕ್ವಿಜ್‌ಗೆ ಕಥೆ ಬೇಕಾಗಿಯೇ ಇರಲಿಲ್ಲ, ಸ್ಕೇಲು ಸಾಕಿತ್ತು.

ಬಗ್_ಹುಡುಕುವವ
ವೇಗದ ಅಂಕದ ಬಗ್ಗೆ: ಕಹೂಟ್ ಅನ್ನುವ ಕ್ವಿಜ್ ಆಪ್‌ನಲ್ಲಿ ಸರಿ ಉತ್ತರಕ್ಕೆ ಸಾಮಾನ್ಯವಾಗಿ ಹೆಚ್ಚೆಂದರೆ 1000 ಅಂಕ, ತಡವಾದಷ್ಟೂ ಇಳಿಯುತ್ತದೆ. ಪ್ರಶ್ನೆಯ ಸಮಯವನ್ನು ಹೆಚ್ಚಿಸಬಹುದು, ಅಂಕವನ್ನೇ ತೆಗೆದುಹಾಕಬಹುದು, ಸರಿ ಉತ್ತರವೇ ಇಲ್ಲದ ಪೋಲ್ ಹಾಕಬಹುದು. ಯಾರೂ ಸೆಟ್ಟಿಂಗ್ಸ್ ತೆರೆದು ನೋಡುವುದಿಲ್ಲ ಅಷ್ಟೇ.

ಕಾಡುದಾರಿ
ನಮ್ಮಲ್ಲಿ ಮಕ್ಕಳಿಗೆ ಫೋನೇ ಇಲ್ಲ. ಇದ್ದರೂ ಶಾಲೆಗೆ ತರುವಂತಿಲ್ಲ. ಇಲ್ಲಿ ಎಲ್ಲರೂ ಮನೆಗೊಂದು ಕೈಗೊಂದು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಾನು ಪ್ಲಿಕರ್ಸ್ ಬಳಸುತ್ತೇನೆ. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡು, ಅದರಲ್ಲಿ ಕಪ್ಪು ಬಿಳಿ ಗುರುತು. ಯಾವ ಬದಿ ಮೇಲೆ ಹಿಡಿಯುತ್ತಾರೋ ಅದೇ ಉತ್ತರ. ನಾನು ನನ್ನ ಒಂದೇ ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಉದ್ದಕ್ಕೂ ತಿರುಗಿಸಿದರೆ ಎಲ್ಲರ ಉತ್ತರ ಬಂದುಬಿಡುತ್ತದೆ. ಪ್ರತಿ ಕಾರ್ಡಿನ ಗುರುತೂ ಬೇರೆ, ಪಕ್ಕದವನದ್ದು ನೋಡಿ ಹಿಡಿದರೆ ತಪ್ಪಾಗುತ್ತದೆ. ಬೇಗ ಒತ್ತುವ ಪೈಪೋಟಿಯೂ ಇಲ್ಲ. ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿದ್ದೇನೆ, ಎರಡನೇ ವರ್ಷ ನಡೆಯುತ್ತಿದೆ. ಒಂದು ಎಚ್ಚರಿಕೆ, ಹೊಳೆಯುವ ಪ್ಲಾಸ್ಟಿಕ್ ಹಾಕಿಸಬೇಡಿ. ಬೆಳಕು ಬಿದ್ದರೆ ಕ್ಯಾಮೆರಾ ಓದುವುದಿಲ್ಲ. ನಾನು ಹಾಕಿಸಿ ಪೂರ್ತಿ ಸೆಟ್ ಹಾಳು ಮಾಡಿಕೊಂಡೆ.

ಹಳೇಮೇಷ್ಟ್ರು
ಇದು ನನಗೆ ಹೊಸದು. ಕೆಲಸ ಬಿಟ್ಟ ಮೇಲೆ ಆಸೆ ಹುಟ್ಟಿಸುತ್ತೀರಲ್ಲ.

ಅಮ್ಮನ_ಫೋನು
ಇನ್ನೊಂದು ಅನುಮಾನ. ಈ ಆಪ್‌ಗಳಿಗೆ ಮಗನ ಹೆಸರು, ಇಮೇಲ್ ಕೊಟ್ಟು, ಏನು ಪ್ರಾರ್ಥನೆ ಮಾಡುತ್ತಾನೆ ಅಂತಲೂ ಬರೆಸುತ್ತಾರೆ. ಅದೆಲ್ಲ ಎಲ್ಲಿಗೆ ಹೋಗುತ್ತದೆ?

ಬಗ್_ಹುಡುಕುವವ
ಕೇಳಲೇಬೇಕಾದ ಪ್ರಶ್ನೆ ಅಕ್ಕ. ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು 2018ರಿಂದ ಜಾರಿಯಲ್ಲಿದೆ. ಅದರ 9ನೇ ವಿಧಿ ಧಾರ್ಮಿಕ ನಂಬಿಕೆಯನ್ನು ಆರೋಗ್ಯದ ಮಾಹಿತಿಯ ಜೊತೆಗೇ ಇಟ್ಟು ವಿಶೇಷ ರಕ್ಷಣೆ ಕೊಡುತ್ತದೆ. ಗಣಿತದ ಆಪ್‌ಗೆ ನಿಮ್ಮ ಮಗ ಭಿನ್ನರಾಶಿಯಲ್ಲಿ ಹಿಂದೆ ಅಂತ ಗೊತ್ತಾದರೆ ಅದೊಂದು ಥರ. ಇಲ್ಲಿ ಅವನು ಏನು ನಂಬುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಅಂತ ಗೊತ್ತಾಗುತ್ತದೆ. ಕ್ವಿಜ್‌ಗೆ ಅಡ್ಡಹೆಸರು ಸಾಕು. ಪ್ರಾರ್ಥನೆ, ಪಾಪನಿವೇದನೆ, ಮನೆಯ ಕಷ್ಟ, ಇಂಥದ್ದನ್ನು ಯಾವ ಆಪ್‌ನಲ್ಲೂ ಬರೆಸಬಾರದು. ಅದಕ್ಕೆ ನೋಟ್‌ಬುಕ್ಕು ಇದೆ.

ಮೂರನೇ_ಗಂಟೆ
ಎಐ ಬಗ್ಗೆ ಯಾರೂ ಎತ್ತಿಲ್ಲ? ನನ್ನ ಕ್ಲಾಸಿನ ಹುಡುಗನ ಉತ್ತರಪತ್ರಿಕೆ. ಕ್ಷಮೆಯ ಬಗ್ಗೆ ಸೊಗಸಾದ ಎರಡು ಪುಟ. ಕೊನೆಗೆ ಆಧಾರ ವಚನ: ಲೂಕ 25:12.

ಪೇತ್ರನ_ಬಲೆ
ಲೂಕನದ್ದು 24ಕ್ಕೇ ಮುಗಿಯಿತಲ್ಲ!

ಮೂರನೇ_ಗಂಟೆ
ಅದೇ. ಕರೆದು ಕೇಳಿದೆ, "ಎಲ್ಲಿದೆ ತೋರಿಸಪ್ಪ." ಪಾಪ, ಬೈಬಲ್ ತೆಗೆದು ಲೂಕದ ಕೊನೆಗೆ ಹೋದ. ಪುಟ ತಿರುವಿದ. ಯೋಹಾನ ಬಂತು. ಮತ್ತೆ ಹಿಂದಕ್ಕೆ ತಿರುವಿದ. ಹಾಳೆ ಅಂಟಿಕೊಂಡಿದೆಯೇನೋ ಅಂತ ಉಗುರಿನಲ್ಲಿ ಬಿಡಿಸಿ ನೋಡಿದ. ಬೈಯಲು ಮನಸ್ಸಾಗಲಿಲ್ಲ. ಈಗ ನನ್ನ ಕ್ಲಾಸಿನಲ್ಲಿ ಒಂದು ನಿಯಮ: ಚಾಟ್‌ಬಾಟ್ ಕೇಳಿ, ತೊಂದರೆ ಇಲ್ಲ. ಅದು ಕೊಟ್ಟ ಪ್ರತಿ ವಚನವನ್ನೂ ಪುಸ್ತಕದಲ್ಲಿ ಹುಡುಕಿ ಹಿಂದಿನ ವಚನ, ಮುಂದಿನ ವಚನ ಎರಡನ್ನೂ ಬರೆದುಕೊಂಡು ಬನ್ನಿ.

ನೆನಪಿನ_ಪುಟ
ಅಂಕದ ವಿಷಯಕ್ಕೆ ವಾಪಸ್. ಇಂಗ್ಲೆಂಡಿನ ಜಿಸಿಎಸ್‌ಇ ಧಾರ್ಮಿಕ ಅಧ್ಯಯನ ಪರೀಕ್ಷೆಯಲ್ಲಿ ಅರ್ಧ ಅಂಕ ತಿಳಿವಳಿಕೆಗೆ, ಇನ್ನರ್ಧ ವಿಚಾರ ಮಾಡಿ ತೂಗಿ ಬರೆಯುವುದಕ್ಕೆ. ಕ್ವಿಜ್ ಆಪ್ ಮೊದಲ ಅರ್ಧಕ್ಕೆ ಮಾತ್ರ ಕೈ ಹಾಕಬಲ್ಲದು. ಹೆಡ್‌ಮಾಸ್ಟರ್‌ಗೆ ಇದನ್ನು ತೋರಿಸಿ ಮೇಡಂ.

ಕಾಡುದಾರಿ
ಕೀನ್ಯಾದಲ್ಲೂ ಕ್ರೈಸ್ತ ಧರ್ಮಶಿಕ್ಷಣ ಹೈಸ್ಕೂಲಿನ ಪರೀಕ್ಷೆಯ ವಿಷಯ. ಅಲ್ಲೂ ಮೇಷ್ಟರ ಗೋಳು ಇದೇ ಇರಬೇಕು, ಪಾಯಿಂಟು ಉರು ಹೊಡೆದು ಬರುತ್ತಾರೆ ಅಂತ.

ನಕ್ಷೆಹುಚ್ಚ
ತಡವಾಗಿ ಬಂದೆ. ನೀವೆಲ್ಲ ಆಪ್ ಅಂದರೆ ಕ್ವಿಜ್ ಅಂತಲೇ ಹಿಡಿದಿದ್ದೀರಿ. ಇದೇ ಸಮಾರ್ಯದವನ ಕಥೆಗೆ ನಾನು ಗೂಗಲ್ ಅರ್ತ್ ತೆರೆಯುತ್ತೇನೆ. "ಒಬ್ಬ ಮನುಷ್ಯನು ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ." ಇಳಿದು ಅಂತ ಯಾಕೆ? ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲೆ. ಯೆರಿಕೋ ಸುಮಾರು 250 ಮೀಟರ್ ಕೆಳಗೆ. ನಡುವೆ ಸುಮಾರು 25 ಕಿಲೋಮೀಟರ್ ದಾರಿ. ಮಕ್ಕಳು ಬೆರಳಿನಲ್ಲಿ ಪರದೆಯನ್ನು ವಾಲಿಸಿ ನೋಡಿದರೆ ಬೋಳು ಗುಡ್ಡ, ಕೊರಕಲು, ತಿರುವು. "ಸರ್, ಇಲ್ಲಿ ಅಡಗಿ ಕೂರಬಹುದು" ಅಂತ ಅವರೇ ಕಳ್ಳರಿಗೆ ಜಾಗ ಹುಡುಕಿಕೊಡುತ್ತಾರೆ.

ಆಮೇಲೆ ಒಂದು ಹುಡುಗಿ ಕೇಳಿದಳು: "ಸರ್, ಯಾಜಕ ಯಾವ ಕಡೆ ಹೋಗುತ್ತಿದ್ದ?" ವಚನ ನೋಡಿದೆವು. ಅವನೂ ಇಳಿದು ಬರುತ್ತಿದ್ದ. ಅಂದರೆ ದೇವಾಲಯದ ಸೇವೆಗೆ ಹೋಗುತ್ತಿರಲಿಲ್ಲ. ಹೆಣ ಮುಟ್ಟಿದರೆ ಮೈಲಿಗೆ, ಸೇವೆಗೆ ಅಡ್ಡಿ ಅನ್ನುವ ನೆಪ ನಾನು ವರ್ಷಗಟ್ಟಲೆ ಅವನ ಪರವಾಗಿ ಹೇಳಿಕೊಂಡು ಬಂದಿದ್ದೆ. ಆ ಹುಡುಗಿ ಒಂದು ಬಾಣದ ಗುರುತು ಎಳೆದು ಅದನ್ನು ಕಿತ್ತುಹಾಕಿದಳು.

ಹಳೇಮೇಷ್ಟ್ರು
ನಾನೂ ಅದೇ ನೆಪ ಮೂವತ್ತು ವರ್ಷ ಹೇಳಿದೆ. ಈಗ ಯಾರಿಗೆ ಫೋನ್ ಮಾಡಿ ತಿದ್ದಲಿ?

ಮೂರನೇ_ಗಂಟೆ
ಎರಡು ಅನುವಾದ ಪಕ್ಕಪಕ್ಕ ಇಟ್ಟು ಓದಿಸುವುದಕ್ಕೂ ಫೋನ್ ಒಳ್ಳೆಯದು. ಕೀರ್ತನೆ 23, ಒಂದು ಕನ್ನಡ ಅನುವಾದದಲ್ಲಿ ಕುರುಬ, ಇನ್ನೊಂದರಲ್ಲಿ ಕುರಿಗಾಹಿ. ಯಾಕೆ ಬದಲಾಯಿಸಿದರು ಅಂತ ಅರ್ಧ ಪೀರಿಯಡ್ ಹೋಯಿತು. ಪುಸ್ತಕವಾದರೆ ಎರಡೆರಡು ಪ್ರತಿ ಎಲ್ಲಿಂದ ತರುವುದು?

ಪೇತ್ರನ_ಬಲೆ
ಹಳೆಯ ಲ್ಯಾಟಿನ್ ಎಣಿಕೆಯಲ್ಲಿ ಅದು ಕೀರ್ತನೆ 22. ಕ್ವಿಜ್ ಬರೆಯುವವರು ಗಮನಿಸಿ.

ಬಗ್_ಹುಡುಕುವವ
ದಯವಿಟ್ಟು ನಿಲ್ಲಿಸಿ ಸರ್, ನನ್ನ ಆಪ್‌ನಲ್ಲಿ ಇನ್ನು ಉಳಿದಿರುವುದೇ ಮೂರು ಪ್ರಶ್ನೆ.

ಸೀಮೆಸುಣ್ಣ
ಎರಡು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಕ್ವಿಜ್ ಬಿಡಲಿಲ್ಲ. ಹತ್ತೇ ಪ್ರಶ್ನೆ, ವೇಗಕ್ಕೆ ಅಂಕವಿಲ್ಲ, ಪಾಠವಾಗಿ ಒಂದು ವಾರದ ನಂತರ. ಎಲ್ಲ ಆಯ್ಕೆಯೂ ಒಂದೇ ಉದ್ದ (ಸ್ಕೇಲು ಇಟ್ಟೇ ನೋಡಿದೆ). ಕೊನೆಯಲ್ಲಿ ಸರಿ ಉತ್ತರ ಇಲ್ಲದ ಒಂದು ಪೋಲ್ ಹಾಕಿದೆ: "ಕಥೆ ಕೇಳಿದ ಧರ್ಮಶಾಸ್ತ್ರಿಗೆ ಯಾವುದು ಹೆಚ್ಚು ಚುಚ್ಚಿರಬೇಕು?" ಯಾಜಕ ಹೋದದ್ದು, ಲೇವಿಯ ಹೋದದ್ದು, ಸಮಾರ್ಯದವನು ನಿಂತದ್ದು, ಯಾವುದೂ ಅಲ್ಲ.

ಪರದೆಯ ಮೇಲೆ ನಾಲ್ಕು ಕಂಬ ಎದ್ದವು. ಯಾವುದೂ ಹಸಿರಾಗಲಿಲ್ಲ. "ಮಿಸ್, ಆನ್ಸರ್ ಯಾವುದು?" ಅಂತ ಎಲ್ಲರೂ. ನಾನು ಫೋನ್ ಮೇಜಿನ ಮೇಲೆ ಬೋರಲು ಹಾಕಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕ್ವಿಜ್‌ನಲ್ಲಿ ಯಾವತ್ತೂ ಮೊದಲ ಹತ್ತರೊಳಗೆ ಬಾರದ ಹುಡುಗನೊಬ್ಬ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಹೇಳಿದ: "ಮಿಸ್, ಕೊನೆಯಲ್ಲಿ ಆ ಮೂವರಲ್ಲಿ ನೆರೆಯವನು ಯಾರು ಅಂತ ಯೇಸು ಕೇಳಿದರೆ ಧರ್ಮಶಾಸ್ತ್ರಿ ಸಮಾರ್ಯದವನು ಅಂತ ಹೇಳುವುದಿಲ್ಲ. ದಯೆ ತೋರಿಸಿದವನು ಅಂತಾನೆ. ಆ ಹೆಸರು ಬಾಯಲ್ಲಿ ಬರುತ್ತಿಲ್ಲ ಅವನಿಗೆ."

ಎರಡು ದಿನಾರಿಯ ಹುಡುಗಿ ತಿರುಗಿ ಅವನನ್ನೇ ನೋಡುತ್ತಿದ್ದಳು.

ಹತ್ತನೇ_ಸಿ
ಹನ್ನೆರಡನೇ ಸ್ಥಾನದವನು!!

ಕೊನೇಬೆಂಚು
ಮೇಡಂ, ಆ ವಾರದ ಸಂಬಳ ವಾಪಸ್ ಕೊಡುತ್ತೇನೆ ಅಂದಿದ್ದಿರಿ.

ಸೀಮೆಸುಣ್ಣ
ಅದು ಜಗಳಕ್ಕೆ ಅಂದದ್ದು. ಇಲ್ಲಿ ಯಾರೂ ಜಗಳ ಆಡಲಿಲ್ಲ.